ಮೊದಲು ಹೋಗುವವರು ಯಾರು? ಪರದೇಶದಲ್ಲಿ ಕಾರು ಓಡಿಸಲಿರುವ ಕೊಡಗಿನವರಿಗೊಂದು ಮಾರ್ಗದರ್ಶಿ

ಆಷಾಢದ ಮಂಜಿನಲ್ಲಿ ಸಂಪಾಜೆ ಘಾಟಿ ಇಳಿದವರಿಗೆ, ಮಾಕುಟ್ಟದ ತಿರುವಿನಲ್ಲಿ ಎದುರಾದ ಮರದ ಲಾರಿಗೆ ಸೈಡ್ ಕೊಟ್ಟು ಚರಂಡಿಯ ಅಂಚಿನಲ್ಲಿ ಉಸಿರು ಬಿಗಿಹಿಡಿದು ನಿಂತವರಿಗೆ, ಪರದೇಶದ ಅಗಲವಾದ ನುಣುಪು ರಸ್ತೆ ಏನು ಮಹಾ ಎನಿಸುವುದು ಸಹಜ. ಸುಂಟಿಕೊಪ್ಪದ ಸಮೀಪದ ತೋಟದಲ್ಲಿ 30 ವರ್ಷ ಜೀಪು ಓಡಿಸಿದ ನನಗೂ ಹಾಗೆಯೇ ಅನಿಸಿತ್ತು. ಮಗಳು ಜರ್ಮನಿಯಲ್ಲಿಯೂ ಮಗ ಅಮೆರಿಕದಲ್ಲಿಯೂ ನೆಲೆಸಿದ ಮೇಲೆ ಕಾಫಿ ಕೊಯ್ಲು ಮುಗಿಸಿ ಒಂದೆರಡು ತಿಂಗಳು ಅವರ ಬಳಿ ಇದ್ದು ಬರುವುದು ವಾಡಿಕೆಯಾಯಿತು; ಅಲ್ಲಿ ಸ್ಟೀರಿಂಗ್ ಹಿಡಿದ ಮೊದಲ ವಾರದಲ್ಲಿಯೇ ನನ್ನ ಹೆಮ್ಮೆ ಇಳಿಯಿತು. ಗೊತ್ತಿಲ್ಲದ ನಿಯಮವನ್ನು ನಾವು ಯಾರನ್ನಾದರೂ ಕೇಳುತ್ತೇವೆ, ಓದಿ ತಿಳಿಯುತ್ತೇವೆ. ತೊಂದರೆ ಕೊಡುವುದು ಗೊತ್ತಿದೆ ಎಂದುಕೊಂಡದ್ದು: ಅದೇ ಲೈಟು, ಅದೇ ಇಂಡಿಕೇಟರು, ಅದೇ ಬೋರ್ಡು, ಆದರೆ ಅರ್ಥ ಬೇರೆ. ಈ ಬರಹದ ಹೆಚ್ಚಿನ ಭಾಗ ಅದರ ಕುರಿತೇ ಇದೆ.

ಹೊರಡುವ ಮುನ್ನ: ಕಾಗದ ಮತ್ತು ಓದು

ಮೊದಲ ಕೆಲಸ ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಅಂದರೆ ಎಲ್ಲರೂ ಐಡಿಪಿ ಎನ್ನುವ ಕಿರುಪುಸ್ತಕ. ನಮ್ಮ ಜಿಲ್ಲೆಯವರಿಗೆ ಅದು ಮಡಿಕೇರಿಯ ಆರ್‌ಟಿಒ ಕಚೇರಿಯಲ್ಲಿ ಸಿಗುತ್ತದೆ. ಕೇಂದ್ರ ಸರ್ಕಾರದ ಪರಿವಾಹನ್ ತಾಣದ ಸಾರಥಿ ವಿಭಾಗದಲ್ಲಿ ಅರ್ಜಿ ತುಂಬಿ, ಚಾಲ್ತಿಯಲ್ಲಿರುವ ಲೈಸೆನ್ಸ್, ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿಗಳನ್ನು ಒದಗಿಸಿ, 1000 ರೂಪಾಯಿ ಶುಲ್ಕ ಕಟ್ಟಬೇಕು. ಅದರ ಅವಧಿ ಗರಿಷ್ಠ ಒಂದು ವರ್ಷ. ನಿಮ್ಮ ಮೂಲ ಲೈಸೆನ್ಸ್ ಅದಕ್ಕೂ ಮೊದಲೇ ಮುಗಿಯುವುದಾದರೆ ಐಡಿಪಿಯೂ ಅಂದಿಗೇ ಮುಗಿಯುತ್ತದೆ. ಆದ್ದರಿಂದ ಲೈಸೆನ್ಸಿನ ಕೊನೆಯ ದಿನಾಂಕವನ್ನು ಮೊದಲು ನೋಡಿಕೊಂಡು, ಹತ್ತಿರವಿದ್ದರೆ ನವೀಕರಿಸಿಯೇ ಅರ್ಜಿ ಹಾಕುವುದು ಜಾಣತನ. ಐಡಿಪಿಗೆ ತನ್ನದೇ ಆದ ಬೆಲೆಯಿಲ್ಲ ಎಂಬುದನ್ನೂ ನೆನಪಿಡಬೇಕು: ಅದು ನಿಮ್ಮ ಲೈಸೆನ್ಸಿನ ಅನುವಾದ ಮಾತ್ರ, ಮೂಲ ಕಾರ್ಡ್ ಜೊತೆಯಲ್ಲಿದ್ದರಷ್ಟೇ ಅದಕ್ಕೆ ಮಾನ. ಕುಶಾಲನಗರದ ಚೆಕ್‌ಪೋಸ್ಟಿನಲ್ಲಿ ಮೊಬೈಲಿನ ಡಿಜಿಲಾಕರ್ ತೋರಿಸಿ ಪಾರಾಗುವಂತೆ ಅಲ್ಲಿನ ಬಾಡಿಗೆ ಕಾರಿನ ಕೌಂಟರಿನಲ್ಲಿ ಪಾರಾಗಲಾಗದು.

ಭಾರತ ಕೊಡುವ ಐಡಿಪಿ 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದಕ್ಕೆ ಸೇರಿದ್ದು. ಜಪಾನಿನಂತಹ ದೇಶ ಕೇಳುವುದು ಅದನ್ನೇ, ಹಾಗಾಗಿ ನಮಗೆ ಅಲ್ಲಿ ಅಡ್ಡಿಯಿಲ್ಲ. ಚೀನಾ ಯಾವ ಐಡಿಪಿಯನ್ನೂ ಒಪ್ಪುವುದಿಲ್ಲ. ಭೇಟಿಗೆ ಹೋದವರಿಗೂ ನೆಲೆಸಲು ಹೋದವರಿಗೂ ನಿಯಮ ಬೇರೆ ಬೇರೆ ಎಂಬ ಸಂಗತಿಯಲ್ಲಿ ನಮ್ಮವರು ಹೆಚ್ಚಾಗಿ ಎಡವುತ್ತಾರೆ. ಜರ್ಮನಿಯಲ್ಲಿ ನೆಲೆಸಿದವರಿಗೆ ಊರಿನ ಲೈಸೆನ್ಸ್ ಆರು ತಿಂಗಳು ಮಾತ್ರ ನಡೆಯುತ್ತದೆ, ಬ್ರಿಟನ್ನಿನಲ್ಲಿ ಹನ್ನೆರಡು ತಿಂಗಳು, ದುಬೈಯಲ್ಲಿ ವಾಸದ ವೀಸಾ ಕೈಗೆ ಬಂದ ಮೇಲೆ ಭಾರತದ ಲೈಸೆನ್ಸಿನಲ್ಲಿ ಓಡಿಸುವಂತಿಲ್ಲ. ಕೊಲ್ಲಿ ದೇಶಕ್ಕೆ ಕೆಲಸಕ್ಕೆ ಹೊರಟ ಹುಡುಗರಿಗೆ ಇದನ್ನು ಮನೆಯವರೇ ಹೇಳಿ ಕಳುಹಿಸಬೇಕು.

ಕಾಗದದ ನಂತರ ಓದು. ಬ್ರಿಟನ್ನಿನ ಹೈವೇ ಕೋಡ್ ಎಂಬ ರಸ್ತೆ ನಿಯಮಗಳ ಪುಸ್ತಕ ಸರ್ಕಾರದ ಜಾಲತಾಣದಲ್ಲಿಯೇ ಉಚಿತವಾಗಿ ದೊರೆಯುತ್ತದೆ. ಅಮೆರಿಕದಲ್ಲಿ ಪ್ರತಿಯೊಂದು ರಾಜ್ಯಕ್ಕೂ ತನ್ನದೇ ಚಾಲಕರ ಕೈಪಿಡಿ ಇದೆ, ಅದೂ ಉಚಿತ. ಅಮೆರಿಕದ ನಿಯಮ ಎಂದು ಒಂದೇ ಪುಸ್ತಕ ಹುಡುಕಬೇಡಿ, ಹೋಗುವ ರಾಜ್ಯದ ಪುಸ್ತಕ ಹುಡುಕಿ. ಇಡೀ ಪುಸ್ತಕ ಓದಲು ಪುರುಸೊತ್ತಿಲ್ಲದವರು ಮೂರು ಅಧ್ಯಾಯಗಳನ್ನಾದರೂ ಓದಲಿ: ಕೂಡುರಸ್ತೆಗಳಲ್ಲಿ ಆದ್ಯತೆ, ಫಲಕಗಳು, ವೇಗದ ಮಿತಿ. ಅನಂತರ ಗೂಗಲ್ ನಕ್ಷೆಯ ರಸ್ತೆನೋಟವನ್ನು ತೆರೆದು, ಮಕ್ಕಳ ಮನೆಯಿಂದ ಹತ್ತಿರದ ಅಂಗಡಿಯವರೆಗಿನ ದಾರಿಯನ್ನು ಮಡಿಕೇರಿಯಲ್ಲಿ ಕುಳಿತೇ ಒಂದು ಸಲ ಕ್ರಮಿಸಿ ನೋಡಿ. ಪ್ರತಿಯೊಂದು ಕೂಡುರಸ್ತೆಯಲ್ಲಿಯೂ ನಿಲ್ಲಿಸಿ, ಇಲ್ಲಿ ಮೊದಲು ಹೋಗಬೇಕಾದವರು ಯಾರು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರ ಬಾರದ ಜಾಗವನ್ನು ಗುರುತು ಹಾಕಿಟ್ಟುಕೊಂಡು ಮಕ್ಕಳನ್ನು ಕೇಳಿ.

ಎಡ ಮತ್ತು ಬಲ

ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಜಪಾನ್, ಸಿಂಗಪುರ, ಮಲೇಷ್ಯಾ, ಥಾಯ್ಲೆಂಡ್, ದಕ್ಷಿಣ ಆಫ್ರಿಕಾ ಮುಂತಾದ ಕಡೆ ನಮ್ಮಂತೆಯೇ ಎಡಬದಿಯ ಸಂಚಾರ. ಅಮೆರಿಕ, ಕೆನಡಾ, ಯುರೋಪಿನ ಒಳನಾಡು, ಕೊಲ್ಲಿಯ ದೇಶಗಳು ಬಲಬದಿ. ಸ್ವೀಡನ್ ಇಡೀ ದೇಶವೇ 1967ರ ಸೆಪ್ಟೆಂಬರ್ 3ರ ಮುಂಜಾನೆ ಎಡದಿಂದ ಬಲಕ್ಕೆ ಹೊರಳಿತು; ನಾಲ್ಕು ಐವತ್ತಕ್ಕೆ ರಸ್ತೆಯ ಮೇಲಿದ್ದ ವಾಹನಗಳೆಲ್ಲ ನಿಂತು, ನಿಧಾನವಾಗಿ ಆಚೆ ಬದಿಗೆ ಸರಿದು, ಐದು ಗಂಟೆಗೆ ಹೊಸ ಬದಿಯಲ್ಲಿ ಹೊರಟವು. ಒಂದು ದೇಶ ಹತ್ತು ನಿಮಿಷದಲ್ಲಿ ಮಾಡಿದ್ದನ್ನು ನನ್ನ ಎಡಗೈ ಹತ್ತು ದಿನವಾದರೂ ಕಲಿಯಲಿಲ್ಲ, ಗೇರ್ ಹುಡುಕುತ್ತ ಬಾಗಿಲಿಗೆ ಬಡಿಯುತ್ತಲೇ ಇತ್ತು. ಆದ್ದರಿಂದ ಬಲಬದಿಯ ದೇಶದಲ್ಲಿ ಬಾಡಿಗೆಗೆ ಪಡೆಯುವುದಾದರೆ ಆಟೊಮ್ಯಾಟಿಕ್ ಗೇರಿನ ಕಾರನ್ನೇ ಪಡೆಯಿರಿ. ಇಂಡಿಕೇಟರಿನ ಕಡ್ಡಿ ಎಡಗೈಗೆ ಸಿಗುತ್ತದೆ (ಬ್ರಿಟನ್ನಿನ ಬಹುತೇಕ ಕಾರುಗಳಲ್ಲಿಯೂ ಹಾಗೆಯೇ), ಹಾಗಾಗಿ ಬಿಸಿಲಿನಲ್ಲಿ ವೈಪರ್ ಓಡಿಸುತ್ತ ತಿರುಗುವ ಕಾರನ್ನು ಕಂಡರೆ ಒಳಗಿರುವವರು ನಮ್ಮವರೇ ಇರಬಹುದು.

ಬದಿ ತಪ್ಪದಿರಲು ಇರುವ ಒಂದೇ ಸುಲಭ ಗುರುತೆಂದರೆ, ಯಾವ ದೇಶದಲ್ಲಿಯೇ ಆಗಲಿ ಚಾಲಕನ ಆಸನ ರಸ್ತೆಯ ನಡುಗೆರೆಯ ಕಡೆಗಿರಬೇಕು. ನಿಮ್ಮ ಭುಜದ ಪಕ್ಕ ರಸ್ತೆಯಂಚಿನ ಹುಲ್ಲು ಕಂಡರೆ ನೀವು ತಪ್ಪು ಬದಿಯಲ್ಲಿದ್ದೀರಿ. ದಟ್ಟ ಸಂಚಾರವಿದ್ದಾಗ ಈ ತಪ್ಪು ಆಗುವುದಿಲ್ಲ, ಮುಂದಿನ ಕಾರೇ ದಾರಿ ತೋರಿಸುತ್ತದೆ. ತಪ್ಪಾಗುವುದು ಪೆಟ್ರೋಲ್ ಬಂಕಿನಿಂದ ಹೊರಬರುವಾಗ, ಪಾರ್ಕಿಂಗ್ ಜಾಗದಿಂದ ಖಾಲಿ ರಸ್ತೆಗೆ ಇಳಿಯುವಾಗ, ಏಕಮುಖ ರಸ್ತೆಯಿಂದ ಹೊರಳುವಾಗ, ಅದರಲ್ಲಿಯೂ ಬೆಳಗಿನ ನಿರ್ಜನ ಹೊತ್ತಿನಲ್ಲಿ. ಅಂತಹ ಪ್ರತಿಯೊಂದು ಸಂದರ್ಭದಲ್ಲಿಯೂ ‘ಬಲಕ್ಕೆ, ಬಲಕ್ಕೆ’ ಎಂದು ಬಾಯಿಬಿಟ್ಟು ಹೇಳಿಕೊಳ್ಳಿ. ಪಕ್ಕದಲ್ಲಿ ಕುಳಿತವರು ನಕ್ಕರೆ ನಗಲಿ. ರಸ್ತೆಗೆ ಇಳಿಯುವಾಗ ಮೊದಲ ಅಪಾಯ ಎಡಗಡೆಯಿಂದ ಬರುತ್ತದೆ ಎಂಬುದನ್ನು ಕಾರಿನಲ್ಲಿದ್ದಾಗಲಷ್ಟೇ ಅಲ್ಲ, ನಡೆದು ರಸ್ತೆ ದಾಟುವಾಗಲೂ ಮರೆಯಬಾರದು.

ದಾರಿ ಯಾರದು ಮೊದಲು

ಮಡಿಕೇರಿಯ ಜನರಲ್ ತಿಮ್ಮಯ್ಯ ವೃತ್ತದಲ್ಲಿ ಸಂಜೆ ಐದು ಗಂಟೆಗೆ ನಿಂತು ನೋಡಿದರೆ ನಮ್ಮ ನಿಯಮ ಸ್ಪಷ್ಟವಾಗುತ್ತದೆ: ಯಾರ ಗಾಡಿಯ ಮೂತಿ ಮೊದಲು ಒಳಗೆ ತೂರಿತೋ ದಾರಿ ಅವರದು. ಕಣ್ಣಳತೆ, ಕೈಸನ್ನೆ, ಸ್ವಲ್ಪ ಸಂಕೋಚ, ಸ್ವಲ್ಪ ದಾರ್ಷ್ಟ್ಯ ಎಲ್ಲ ಸೇರಿ ಅದು ಹೇಗೋ ನಡೆದುಹೋಗುತ್ತದೆ. ಪರದೇಶದಲ್ಲಿ ಈ ಮಾತುಕತೆ ಇಲ್ಲ. ಆದ್ಯತೆ ಇರುವವನು ವೇಗ ತಗ್ಗಿಸದೆ ಬರುತ್ತಾನೆ, ಏಕೆಂದರೆ ನೀವು ನಿಲ್ಲುತ್ತೀರಿ ಎಂದು ಅವನು ನಂಬಿದ್ದಾನೆ. ಆದ್ಯತೆ ಇಲ್ಲದವನು ರಸ್ತೆ ಖಾಲಿಯಿದ್ದಂತೆ ಕಂಡರೂ ಕಾಯುತ್ತಾನೆ. ಹಾಗಾಗಿ ಅಲ್ಲಿ ಕಲಿಯಬೇಕಾದ ನಿಯಮ ಒಂದೇ ಇದ್ದರೆ ಅದು ಇದು.

ಮಗಳ ಊರಿನಲ್ಲಿ ಮೊದಲ ಬೆಳಿಗ್ಗೆ ನಡೆದದ್ದನ್ನು ಹೇಳುತ್ತೇನೆ. ಮನೆಗಳ ನಡುವಿನ ನೇರವಾದ, ಅಗಲವಾದ ರಸ್ತೆ. ನಾನು 30 ಕಿಲೋಮೀಟರ್ ವೇಗದಲ್ಲಿದ್ದೆ. ಬಲಗಡೆಯಿಂದ ಒಂದು ಸಣ್ಣ ರಸ್ತೆ ಬಂದು ಕೂಡುತ್ತಿತ್ತು, ನಮ್ಮಲ್ಲಾದರೆ ತೋಟದ ರಸ್ತೆ ಎನ್ನುವಷ್ಟು ಸಣ್ಣದು. ಅದರಿಂದ ಒಬ್ಬ ಹೆಂಗಸಿನ ಕಾರು ನೇರವಾಗಿ ಹೊರಬರುತ್ತಿತ್ತು, ನಿಲ್ಲುವ ಲಕ್ಷಣವೇ ಇರಲಿಲ್ಲ. ಪಕ್ಕದಲ್ಲಿದ್ದ ಅಳಿಯ, ‘ಮಾವ, ನಿಲ್ಲಿಸಿ, ನಿಲ್ಲಿಸಿ!’ ಎಂದು ಡ್ಯಾಶ್‌ಬೋರ್ಡಿಗೆ ಕೈಯೂರಿದರು. ನಾನು ಬ್ರೇಕ್ ತುಳಿದಾಗ ಎರಡು ಕಾರುಗಳ ನಡುವೆ ಒಂದು ಮೊಳ ಉಳಿದಿತ್ತು. ‘ನಾನು ದೊಡ್ಡ ರಸ್ತೆಯಲ್ಲಿದ್ದೆನಲ್ಲಪ್ಪ, ಅವರು ಸಣ್ಣ ರಸ್ತೆಯವರು’ ಎಂದು ನಾನೆಂದೆ. ‘ಇಲ್ಲಿ ಸಣ್ಣದು ದೊಡ್ಡದು ಇಲ್ಲ ಮಾವ, ಬೋರ್ಡ್ ಇಲ್ಲದಿದ್ದರೆ ಬಲಗಡೆಯಿಂದ ಬಂದವರದ್ದೇ ದಾರಿ’ ಎಂದರು ಅಳಿಯ. ಜರ್ಮನಿ, ಫ್ರಾನ್ಸ್ ಮೊದಲಾದ ಯುರೋಪಿನ ಬಹಳಷ್ಟು ದೇಶಗಳಲ್ಲಿ ಫಲಕವೂ ಸಿಗ್ನಲ್ಲೂ ಇಲ್ಲದ ಕೂಡುರಸ್ತೆಯ ನಿಯಮ ಇದೇ. ರಸ್ತೆಯ ಅಗಲ ನೋಡಿ ತೀರ್ಮಾನಿಸುವಂತಿಲ್ಲ. ಬಲಗಡೆಯಿಂದ ಬರುವವನು ಮನೆಯ ಅಂಗಳದಿಂದಲೋ ತಗ್ಗಿಸಿದ ಅಂಚುಕಲ್ಲನ್ನು ದಾಟಿಯೋ ಬರುತ್ತಿದ್ದರೆ ಮಾತ್ರ ಜರ್ಮನಿಯಲ್ಲಿ ಅವನೇ ಕಾಯಬೇಕು. 30 ಎಂದು ಬರೆದ ವಲಯದೊಳಗೆ ಹೋದಿರೆಂದರೆ ಪ್ರತಿಯೊಂದು ಬಲಗಡೆಯ ಬಾಯಿಯಲ್ಲಿಯೂ ಕಾಲು ಬ್ರೇಕಿನ ಮೇಲಿರಲಿ.

ಊರಿಗೆ ಬಂದು ಹುಡುಕಿದಾಗ ತಿಳಿದದ್ದೇನೆಂದರೆ, ಮುಖ್ಯರಸ್ತೆ ಎಂದು ಗುರುತಿಸದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕೆಂದು ನಮ್ಮ ದೇಶದ 1989ರ ರಸ್ತೆ ನಿಯಮಗಳಲ್ಲಿಯೇ ಬರೆದಿತ್ತು. 30 ವರ್ಷ ಓಡಿಸಿದ ನನಗೆ ಅದನ್ನು ಹೇಳಿದವರು ಯಾರೂ ಇರಲಿಲ್ಲ.

ಫಲಕವಿರುವ ಕಡೆ ಕೆಲಸ ಸುಲಭ, ಆಕಾರ ಗೊತ್ತಿದ್ದರೆ ಸಾಕು. ತಲೆಕೆಳಗಾದ ತ್ರಿಕೋನವೆಂದರೆ ದಾರಿ ಬಿಡಿ. ಎಂಟು ಮೂಲೆಯ ಕೆಂಪು ಫಲಕವೆಂದರೆ ನಿಲ್ಲಿ. ಹಿಮ ಮೆತ್ತಿಕೊಂಡು ಅಕ್ಷರ ಕಾಣದಿದ್ದರೂ, ಹಿಂಬದಿಯಿಂದ ನೋಡಿದರೂ, ಈ ಎರಡು ಆಕಾರಗಳು ಬೇರೆ ಫಲಕಗಳಿಗಿಲ್ಲದ ಕಾರಣ ತಪ್ಪದೆ ಗುರುತು ಸಿಗುತ್ತವೆ. ಜಪಾನಿನಲ್ಲಿ ಮಾತ್ರ ನಿಲ್ಲಿ ಎಂಬ ಫಲಕವೂ ತಲೆಕೆಳಗಾದ ಕೆಂಪು ತ್ರಿಕೋನವೇ, ಅಲ್ಲಿ ರೈಲ್ವೆ ಗೇಟಿನ ಮುಂದೆಯೂ ಗೇಟು ತೆರೆದಿದ್ದರೂ ಒಮ್ಮೆ ಪೂರ್ತಿ ನಿಂತೇ ಹೋಗಬೇಕು. ನಿಲ್ಲುವುದೆಂದರೆ ಚಕ್ರ ಪೂರ್ತಿ ನಿಲ್ಲಬೇಕು. ನಿಧಾನಿಸಿ, ಇಣುಕಿ, ಉರುಳಿಕೊಂಡು ಹೋಗುವುದಕ್ಕೆ ದಂಡವಿದೆ. ಯುರೋಪಿನಲ್ಲಿ ಬಿಳಿ ಅಂಚಿನ ಹಳದಿ ವಜ್ರಾಕೃತಿಯ ಫಲಕ ಕಂಡರೆ ಸಂತೋಷಪಡಿ, ನೀವು ಆದ್ಯತೆಯ ರಸ್ತೆಯಲ್ಲಿದ್ದೀರಿ. ಅದೇ ಫಲಕದ ಮೇಲೆ ಅಡ್ಡಗೆರೆ ಎಳೆದಿದ್ದರೆ ಆದ್ಯತೆ ಮುಗಿಯಿತು, ಮತ್ತೆ ಬಲಗಡೆ ನೋಡಿ. ಅಮೆರಿಕಕ್ಕೆ ಹೋದಾಗ ಈ ಪಾಠವನ್ನು ಮರೆಯಬೇಕು, ಏಕೆಂದರೆ ಅಲ್ಲಿ ಹಳದಿ ವಜ್ರಾಕೃತಿ ಎಂದರೆ ಮುಂದೆ ಅಪಾಯವಿದೆ ಎಂಬ ಎಚ್ಚರಿಕೆ.

ಅಮೆರಿಕದ ನಾಲ್ಕು ದಿಕ್ಕಿನ ನಿಲುಗಡೆ ನನಗೆ ಬಹಳ ಹಿಡಿಸಿದ ಏರ್ಪಾಡು. ಸಿಗ್ನಲ್ ಇಲ್ಲದ ಕೂಡುರಸ್ತೆಯ ನಾಲ್ಕೂ ಬಾಯಿಗಳಲ್ಲಿ ನಿಲ್ಲುವ ಫಲಕವಿರುತ್ತದೆ, ಅದರ ಕೆಳಗೆ ಎಲ್ಲರೂ ನಿಲ್ಲಬೇಕೆಂಬ ಸಣ್ಣ ಪಟ್ಟಿಯೂ ಇರುತ್ತದೆ. ಮೊದಲು ಬಂದು ನಿಂತವರು ಮೊದಲು ಹೋಗುತ್ತಾರೆ, ಇಬ್ಬರು ಒಟ್ಟಿಗೆ ಬಂದರೆ ಬಲಗಡೆಯವರು ಮೊದಲು. ಊಟದ ಪಂಕ್ತಿಯಂತೆ ಸರದಿ ತಾನೇ ನಡೆಯುತ್ತದೆ. ನಮ್ಮವರ ತಪ್ಪು ಇಲ್ಲಿ ಎರಡು ಬಗೆಯದು: ಮುಂದಿನ ಕಾರಿನ ಬೆನ್ನಿಗೇ ಅಂಟಿಕೊಂಡು ಹೋಗಿಬಿಡುವುದು, ಅಥವಾ ಸೌಜನ್ಯವೆಂದು ತನ್ನ ಸರದಿ ಬಿಟ್ಟುಕೊಟ್ಟು ಎಲ್ಲರನ್ನೂ ಗೊಂದಲಕ್ಕೆ ದೂಡುವುದು. ಸರದಿ ಬಂದಾಗ ಹೋಗುವುದೂ ನಿಯಮವೇ.

ಅದೇ ದೇಶದಲ್ಲಿ ಕೆಂಪು ದೀಪವಿದ್ದಾಗಲೂ ಪೂರ್ತಿ ನಿಂತು, ಪಾದಚಾರಿಗಳಿಗೂ ಬರುವ ವಾಹನಗಳಿಗೂ ದಾರಿ ಬಿಟ್ಟು, ಬಲಕ್ಕೆ ತಿರುಗಲು ಸಾಮಾನ್ಯವಾಗಿ ಅವಕಾಶವಿದೆ. ನ್ಯೂಯಾರ್ಕ್ ನಗರದಲ್ಲಿ, ಹಾಗೆ ಹೋಗಬಹುದೆಂಬ ಫಲಕ ಇಲ್ಲದ ಹೊರತು, ಅವಕಾಶವಿಲ್ಲ. ಎಡಕ್ಕೆ ತಿರುಗುವುದು ಎದುರಿನ ಸಂಚಾರವನ್ನು ಸೀಳಿಕೊಂಡು ಹೋಗುವ ತಿರುವು. ಹಸಿರು ಬಾಣ ಬೆಳಗಿದರೆ ದಾರಿ ನಿಮ್ಮದು. ಗುಂಡಗಿನ ಹಸಿರು ದೀಪವಷ್ಟೇ ಇದ್ದರೆ ಎದುರಿನವರು ಹೋಗುವವರೆಗೆ ಕಾಯಬೇಕು. ಹಳದಿ ಶಾಲಾ ಬಸ್ಸು ನಿಂತು ಕೆಂಪು ದೀಪ ಮಿನುಗಿಸಿದರೆ ಅದರ ಹಿಂದಿನವರು ಮಾತ್ರವಲ್ಲ, ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ ಎದುರಿನಿಂದ ಬರುವವರೂ ನಿಲ್ಲಬೇಕು. ಈ ಒಂದು ನಿಯಮದಲ್ಲಿ ಅಲ್ಲಿ ಯಾರಿಗೂ ಕ್ಷಮೆಯಿಲ್ಲ, ಅದು ಸರಿಯೂ ಹೌದು.

ವೃತ್ತಗಳ ವಿಷಯದಲ್ಲಿ ಒಳಗಿರುವವರಿಗೇ ಆದ್ಯತೆ ಎಂದು ನೆನಪಿಟ್ಟರೆ ಬಹುತೇಕ ಕಡೆ ನಡೆಯುತ್ತದೆ. ಎಡಬದಿಯ ದೇಶದಲ್ಲಿ ಅವರು ನಿಮ್ಮ ಬಲದಿಂದ ಬರುತ್ತಾರೆ, ಬಲಬದಿಯ ದೇಶದಲ್ಲಿ ಎಡದಿಂದ. ಬ್ರಿಟನ್ನಿನಲ್ಲಿ ರಸ್ತೆಯ ಮೇಲೆ ಬಿಳಿ ಬಣ್ಣದ ಗುಂಡು ಬಳಿದು ಅದನ್ನೂ ವೃತ್ತ ಎನ್ನುತ್ತಾರೆ. ಅದರ ಮೇಲೆ ಹಾದುಹೋಗದೆ ಸುತ್ತಿಕೊಂಡೇ ಹೋಗಬೇಕು. ದೊಡ್ಡ ವೃತ್ತಗಳಲ್ಲಿ ಲೇನ್ ತಪ್ಪಿದರೆ ಒಳಗೇ ಇನ್ನೊಂದು ಸುತ್ತು ಹಾಕಿ, ಯಾರೂ ಏನೂ ಅನ್ನುವುದಿಲ್ಲ.

ಪಾದಚಾರಿಗಳದು ಪ್ರತ್ಯೇಕ ಅಧ್ಯಾಯ. ಜೀಬ್ರಾ ಪಟ್ಟಿಯ ಅಂಚಿಗೆ ಒಬ್ಬರು ಬಂದು ನಿಂತರೆಂದರೆ ನಿಲ್ಲಿಸಬೇಕು. ಬ್ರಿಟನ್ನಿನಲ್ಲಿ 2022ರ ಜನವರಿ 29ರಿಂದ, ನೀವು ಅಡ್ಡರಸ್ತೆಗೆ ತಿರುಗುವಾಗ ಆ ರಸ್ತೆ ದಾಟಲು ಕಾಯುತ್ತಿರುವವರಿಗೂ ದಾರಿ ಬಿಡಬೇಕೆಂದು ಹೈವೇ ಕೋಡ್ ಹೇಳುತ್ತದೆ. ಜರ್ಮನಿಯ ಹೆದ್ದಾರಿಯಲ್ಲಿ ಸಂಚಾರ ಕುಂಟತೊಡಗಿದ ಕೂಡಲೇ, ಆಂಬುಲೆನ್ಸಿನ ಸದ್ದು ಕೇಳುವ ಮೊದಲೇ, ಎಡತುದಿಯ ಲೇನಿನವರು ಎಡಕ್ಕೂ ಉಳಿದವರೆಲ್ಲ ಬಲಕ್ಕೂ ಸರಿದು ನಡುವೆ ಹಾದಿ ತೆರೆದಿಡಬೇಕು. ಮಡಿಕೇರಿಯಿಂದ ಮೈಸೂರಿನ ಆಸ್ಪತ್ರೆಗೆ ರೋಗಿಯನ್ನು ಕರೆದೊಯ್ದ ಯಾರಿಗಾದರೂ ಈ ನಿಯಮದ ಬೆಲೆ ವಿವರಿಸಬೇಕಾಗಿಲ್ಲ.

ವೇಗ

ನಮ್ಮ ಘಾಟಿಯಲ್ಲಿ ವೇಗವನ್ನು ನಿರ್ಧರಿಸುವುದು ತಿರುವು, ಮಳೆ ಮತ್ತು ಮುಂದಿರುವ ಬಸ್ಸು. ಅಲ್ಲಿ ಮಿತಿ ಬರೆದಿರದ ಕಡೆಯೂ ಮಿತಿ ಇರುತ್ತದೆ, ಅದನ್ನು ಜಾಗದ ಲಕ್ಷಣದಿಂದ ತಿಳಿಯಬೇಕು. ಇಂಗ್ಲೆಂಡಿನಲ್ಲಿ ಬೀದಿದೀಪಗಳ ಸಾಲು ಶುರುವಾದರೆ, ಬೇರೆ ಫಲಕವಿಲ್ಲದಿದ್ದಲ್ಲಿ, ಗಂಟೆಗೆ 30 ಮೈಲಿ. ವೇಲ್ಸಿನಲ್ಲಿ 2023ರ ಸೆಪ್ಟೆಂಬರಿನಿಂದ ಅಂತಹ ರಸ್ತೆಗಳಿಗೆ 20 ಮೈಲಿ. ಜರ್ಮನಿಯಲ್ಲಿ ಊರಿನ ಹೆಸರಿನ ಹಳದಿ ಬೋರ್ಡ್ ಬಂದರೆ ಅಲ್ಲಿಂದ 50 ಕಿಲೋಮೀಟರ್, ಅದೇ ಹೆಸರಿಗೆ ಕೆಂಪು ಗೆರೆ ಹೊಡೆದ ಬೋರ್ಡ್ ಬಂದರೆ ಊರು ಮುಗಿಯಿತು. ಬ್ರಿಟನ್ ಮತ್ತು ಅಮೆರಿಕದ ಫಲಕಗಳು ಮೈಲಿಯಲ್ಲಿ ಮಾತನಾಡುತ್ತವೆ: 30 ಎಂದರೆ ನಮ್ಮ 48, 70 ಎಂದರೆ 112 ಕಿಲೋಮೀಟರ್.

ಒಂದೇ ಫಲಕ ಎರಡು ದೇಶದಲ್ಲಿ ಎರಡು ಮಾತನಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ: ಬಿಳಿ ವೃತ್ತ, ಅದರ ಮೇಲೆ ಓರೆಯಾಗಿ ಎಳೆದ ಕಪ್ಪು ಗೆರೆ. ಜರ್ಮನಿಯ ಆಟೋಬಾನ್ ಎಂಬ ಹೆದ್ದಾರಿಯಲ್ಲಿ ಅದು ಕಂಡರೆ ಅಲ್ಲಿಯವರೆಗಿನ ನಿರ್ಬಂಧಗಳು ಮುಗಿದವು ಎಂದರ್ಥ, ಅನಂತರ 130 ಕಿಲೋಮೀಟರ್ ಎಂಬುದು ಸಲಹೆಯಷ್ಟೇ. ಬ್ರಿಟನ್ನಿನಲ್ಲಿ ಅದನ್ನೇ ಹೋಲುವ ಫಲಕದ ಅರ್ಥ, ರಾಷ್ಟ್ರೀಯ ಮಿತಿ ಇಲ್ಲಿಂದ ಅನ್ವಯ: ವಿಭಜಕವಿಲ್ಲದ ರಸ್ತೆಯಲ್ಲಿ ಕಾರಿಗೆ 60 ಮೈಲಿ, ವಿಭಜಕವಿರುವಲ್ಲಿ 70. ಆಟೋಬಾನಿನಲ್ಲಿ ಬಲಗಡೆಯಿಂದ ಓವರ್‌ಟೇಕ್ ಮಾಡುವುದು ಅಪರಾಧ, ಎಡ ಲೇನಿನಲ್ಲಿ ಸುಮ್ಮನೆ ಸಾಗುತ್ತಿರುವುದೂ ತಪ್ಪು. ದಾಟಿದ ಕೂಡಲೇ ಬಲಕ್ಕೆ ಮರಳಬೇಕು. ಕನ್ನಡಿಯಲ್ಲಿ ಚುಕ್ಕೆಯಂತೆ ಕಂಡ ಕಾರು ಎರಡು ಸಲ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದೆ ಬಂದಿರುತ್ತದೆ.

ಲೈಟು, ಇಂಡಿಕೇಟರು, ಹಾರ್ನು

ಇಲ್ಲಿಯೇ ನಮ್ಮ ಅನುಭವ ನಮಗೆ ಶತ್ರುವಾಗುತ್ತದೆ. ಘಾಟಿಯಲ್ಲಿ ಎದುರಿನವರು ಹೆಡ್‌ಲೈಟ್ ಹೊಡೆದರೆ ‘ನಾನು ಬರುತ್ತಿದ್ದೇನೆ, ನೀನು ನಿಲ್ಲು’ ಎಂದು ನಾವು ಓದುತ್ತೇವೆ. ಬ್ರಿಟನ್ನಿನಲ್ಲಿ ಹಾಗೆ ಲೈಟ್ ಹೊಡೆಯುವವರು ಬಹುಪಾಲು ‘ನೀವು ಮೊದಲು ಹೋಗಿ’ ಎನ್ನುತ್ತಿರುತ್ತಾರೆ. ನೀವು ನಿಲ್ಲೆಂದು ಲೈಟ್ ಹೊಡೆದು ಮುನ್ನುಗ್ಗುತ್ತೀರಿ, ಅವರು ಧನ್ಯವಾದ ಹೇಳಿ ಮುಂದೆ ಬರುತ್ತಾರೆ. ಹೈವೇ ಕೋಡಿನ ಪ್ರಕಾರ ಆ ಲೈಟಿಗೆ ಇರುವ ಅರ್ಥ ‘ನಾನಿಲ್ಲಿದ್ದೇನೆ’ ಎಂಬುದೊಂದೇ. ಆದ್ದರಿಂದ ಲೈಟನ್ನು ಮಾತಿನಂತೆ ಬಳಸಲೂಬೇಡಿ, ನಂಬಲೂಬೇಡಿ.

ಎರಡನೆಯದು ಲಾರಿಯವರ ಬಲ ಇಂಡಿಕೇಟರ್. ಹುಣಸೂರು ರಸ್ತೆಯಲ್ಲಿ ಮುಂದಿನ ಲಾರಿ ಬಲ ಇಂಡಿಕೇಟರ್ ಹಾಕಿದರೆ ರಸ್ತೆ ಖಾಲಿಯಿದೆ, ದಾಟಿಕೋ ಎಂದು ನಾವು ತಿಳಿಯುತ್ತೇವೆ. ಪರದೇಶದಲ್ಲಿ ಅದಕ್ಕೆ ಒಂದೇ ಅರ್ಥ, ಆ ಲಾರಿಯೇ ಆ ಕಡೆಗೆ ಬರಲಿದೆ. ನೇರ ಹೋಗುವೆನೆಂದು ಸೂಚಿಸಲು ನಾಲ್ಕೂ ಇಂಡಿಕೇಟರ್ ಮಿನುಗಿಸುವ ನಮ್ಮ ಪದ್ಧತಿ ಅಲ್ಲಿ ಯಾರಿಗೂ ಅರ್ಥವಾಗದು. ಕಾರು ಕೆಟ್ಟಿತೆಂದೇ ಭಾವಿಸುತ್ತಾರೆ. ಹಾರ್ನ್ ಅಲ್ಲಿ ಬೈಗುಳಕ್ಕೆ ಸಮ. ಬ್ರಿಟನ್ನಿನ ಜನವಸತಿ ಪ್ರದೇಶದಲ್ಲಿ ರಾತ್ರಿ ಹನ್ನೊಂದೂವರೆಯಿಂದ ಬೆಳಿಗ್ಗೆ ಏಳರವರೆಗೆ ಅದಕ್ಕೆ ನಿಷೇಧವೇ ಇದೆ. ಆದರೆ ಜಪಾನಿನ ಬೆಟ್ಟದ ಕುರುಡು ತಿರುವುಗಳಲ್ಲಿ ಹಾರ್ನ್ ಹೊಡೆಯಿರಿ ಎಂದೇ ಹೇಳುವ ನೀಲಿ ಫಲಕವಿದೆ, ಅದನ್ನು ಕಂಡಾಗ ಊರ ನೆನಪಾದರೆ ಆಶ್ಚರ್ಯವಿಲ್ಲ.

ಬೆಟ್ಟ, ಮಂಜು, ಪ್ರಾಣಿ

ಇಲ್ಲಿ ನಾವು ಗಟ್ಟಿಗರು. ಇಕ್ಕಟ್ಟಿನ ಏರಿನಲ್ಲಿ ಹತ್ತುವವರಿಗೆ ಆದ್ಯತೆ, ಇಳಿಯುವವರು ನಿಲ್ಲಬೇಕೆಂಬ ನಮ್ಮ ನಿಯಮ ಬಹಳ ಕಡೆ ಹಾಗೆಯೇ ಇದೆ. ಸ್ವಿಟ್ಜರ್ಲೆಂಡಿನಲ್ಲಿ ಒಂದು ವಿಶೇಷ: ನೀಲಿ ಫಲಕದ ಮೇಲೆ ಹಳದಿ ತುತ್ತೂರಿಯ ಚಿತ್ರವಿದ್ದರೆ ಅದು ಅಂಚೆ ಬಸ್ಸಿನ ಬೆಟ್ಟದ ದಾರಿ, ಆ ಬಸ್ಸಿನ ಚಾಲಕ ಹಿಂದೆ ಸರಿಯಿರಿ ಎಂದರೆ ಸರಿಯಬೇಕು. ಭಾಗಮಂಡಲದ ದಾರಿಯಲ್ಲಿ ಬಸ್ಸಿನವರು ಕಿಟಕಿಯಿಂದ ಕೈ ಹೊರಹಾಕಿ ಹೇಳುವುದನ್ನು ಕೇಳಿ ಅಭ್ಯಾಸವಿರುವವರಿಗೆ ಇದು ಹೊಸದೇನಲ್ಲ. ನ್ಯೂಜಿಲೆಂಡಿನಲ್ಲಿ ಒಂದೇ ವಾಹನ ಹಿಡಿಸುವ ಸೇತುವೆಗಳು ಹೇರಳವಾಗಿವೆ. ಫಲಕದಲ್ಲಿ ನಿಮ್ಮ ದಿಕ್ಕಿನ ಬಾಣ ಸಣ್ಣದಾಗಿ ಕೆಂಪಗಿದ್ದರೆ ನೀವು ಕಾಯಬೇಕು.

ನಮಗೆ ಗೊತ್ತಿಲ್ಲದ್ದು ಮಂಜುಗಡ್ಡೆ. ಒದ್ದೆಯಂತೆ ಕಾಣುವ ರಸ್ತೆ ಹೆಪ್ಪುಗಟ್ಟಿರಬಹುದು, ಸೇತುವೆಗಳು ಉಳಿದ ರಸ್ತೆಗಿಂತ ಮೊದಲು ಹೆಪ್ಪುಗಟ್ಟುತ್ತವೆ. ಅಂತಹ ದಿನ ಸ್ಟೀರಿಂಗನ್ನು ಮಕ್ಕಳಿಗೆ ಬಿಟ್ಟುಬಿಡಿ. ತಿತಿಮತಿಯ ಬಳಿ ಮುಸ್ಸಂಜೆ ಆನೆಗಾಗಿ ಕಣ್ಣಿಟ್ಟು ಓಡಿಸುವಂತೆ ಆಸ್ಟ್ರೇಲಿಯಾದಲ್ಲಿ ಮುಂಜಾನೆ ಮತ್ತು ಮುಸ್ಸಂಜೆ ಕಾಂಗರೂಗಾಗಿ ಕಣ್ಣಿಡಬೇಕು. ಒಂದು ಹಾರಿತೆಂದರೆ ಸ್ಟೀರಿಂಗ್ ಎಳೆಯದೆ ನೇರವಾಗಿ ಬ್ರೇಕ್ ತುಳಿಯಿರಿ.

ನಿಲ್ಲಿಸುವುದು, ದಂಡ, ಪೊಲೀಸರು

ಮಡಿಕೇರಿಯ ಇಳಿಜಾರಿನಲ್ಲಿ ನಾವು ಚಕ್ರಕ್ಕೆ ಕಲ್ಲು ಕೊಡುತ್ತೇವೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕಾರಿನ ಮುಂಚಕ್ರವೇ ಆ ಕೆಲಸ ಮಾಡಬೇಕೆಂಬ ನಿಯಮವಿದೆ: ಇಳಿಮುಖವಾಗಿ ನಿಲ್ಲಿಸಿದರೆ ಚಕ್ರವನ್ನು ಪಾದಚಾರಿ ಹಾದಿಯ ಅಂಚಿನ ಕಡೆಗೂ, ಏರುಮುಖವಾಗಿ ನಿಲ್ಲಿಸಿದರೆ ಅಂಚಿನಿಂದಾಚೆಗೂ ತಿರುಗಿಸಿಡಬೇಕು. ಅಗ್ನಿಶಾಮಕದ ನೀರಿನ ಕೊಳಾಯಿಯ ಮುಂದೆ, ಕೆಂಪು ಬಳಿದ ಅಂಚಿನಲ್ಲಿ ಅಲ್ಲಿ ನಿಲ್ಲಿಸಲೇಬಾರದು. ಸುಂಕ ಸಂಗ್ರಹಿಸಲು ಗೇಟಿಲ್ಲದ ಕಡೆಗಳೂ ಇವೆ: ಆಸ್ಟ್ರಿಯಾ, ಸ್ವಿಟ್ಜರ್ಲೆಂಡಿನ ಹೆದ್ದಾರಿಗೆ ಮೊದಲೇ ವಿನ್ಯೆಟ್ ಎಂಬ ಚೀಟಿ ಕೊಳ್ಳಬೇಕು, ದುಬೈಯ ಸಾಲಿಕ್ ದ್ವಾರದಡಿ ಹಾದರೆ ಹಣ ತಾನೇ ಕಡಿತವಾಗುತ್ತದೆ, ಲಂಡನ್ನಿನ ನಡುಭಾಗ ಹೊಕ್ಕರೆ ದಟ್ಟಣೆ ಶುಲ್ಕ ಬೀಳುತ್ತದೆ. ಕ್ಯಾಮೆರಾ ಹಿಡಿದ ದಂಡ ಬಾಡಿಗೆ ಕಂಪನಿಯ ಮೂಲಕ ಬರುವುದರಿಂದ ತಡವಾಗುತ್ತದೆ. ನನ್ನದು ಮೂರು ತಿಂಗಳ ಮೇಲೆ, ಇಲ್ಲಿ ಮೆಣಸು ಒಣಹಾಕುತ್ತಿದ್ದಾಗ, ಕಂಪನಿಯ ನಿರ್ವಹಣಾ ಶುಲ್ಕವನ್ನೂ ಹೊತ್ತು ಕಾರ್ಡಿಗೆ ಬಂದು ಬಿತ್ತು. ಕಾರು ಹಿಂದಿರುಗಿಸಿದ ಮೇಲೂ ಒಪ್ಪಂದದ ಕಾಗದವನ್ನು ಆರು ತಿಂಗಳು ಎಸೆಯಬೇಡಿ.

ನಮ್ಮಲ್ಲಿ ಪೊಲೀಸರು ಕೈ ಮಾಡಿದರೆ ಗಾಡಿ ಬದಿಗಿಟ್ಟು, ಕಾಗದ ಹಿಡಿದು, ಇಳಿದು ಸಾಹೇಬರ ಬಳಿಗೆ ಹೋಗುವುದು ಮರ್ಯಾದೆ. ಅಮೆರಿಕದಲ್ಲಿ ಹಾಗೆ ಇಳಿಯುವುದು ಅಪಾಯ. ಹಿಂದೆ ದೀಪ ಮಿನುಗಿದರೆ ಬಲಬದಿಗೆ ನಿಲ್ಲಿಸಿ, ಕಿಟಕಿ ಇಳಿಸಿ, ಎರಡೂ ಕೈಗಳನ್ನು ಸ್ಟೀರಿಂಗಿನ ಮೇಲಿಟ್ಟು ಕುಳಿತಿರಿ, ಅವರು ಕೇಳಿದ ಮೇಲೆ ಹೇಳಿಯೇ ಕಾಗದಕ್ಕೆ ಕೈಹಾಕಿ. ಇಲ್ಲೇ ತೀರಿಸಿಕೊಳ್ಳೋಣ ಎಂಬ ಮಾತು ಎಲ್ಲಿಯೂ ಬಾಯಿಂದ ಬರಬಾರದು.

ಕುಡಿತದ ವಿಷಯವನ್ನು ನಮ್ಮ ಜಿಲ್ಲೆಯವರಿಗೆ ಹೇಳದೆ ಬಿಡುವಂತಿಲ್ಲ. ನಮ್ಮ ದೇಶದ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಇಂಗ್ಲೆಂಡಿನಲ್ಲಿ 80, ಸ್ಕಾಟ್ಲೆಂಡಿನಲ್ಲಿ ಮತ್ತು ಜರ್ಮನಿಯಲ್ಲಿ 50, ಕೊಲ್ಲಿಯ ಎಮಿರೇಟ್ಸ್‌ನಲ್ಲಿ ಸೊನ್ನೆ. ಮಿತಿ ಹೆಚ್ಚಿದೆ ಎಂದು ಲೆಕ್ಕ ಹಾಕುತ್ತ ಕೂರುವವರು, ಬದಿ ಬದಲಾದ ರಸ್ತೆಯಲ್ಲಿ ಎಚ್ಚರವಿದ್ದಾಗಲೇ ಎಷ್ಟು ತಪ್ಪಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಲಿ.

ಮೊದಲ ವಾರ ಮತ್ತು ಮರಳಿದ ದಿನ

ವಿಮಾನ ಇಳಿದ ದಿನ ಓಡಿಸಬೇಡಿ. ಮೊದಲ ಎರಡು ದಿನ ಮುಂದಿನ ಸೀಟಿನಲ್ಲಿ ಕುಳಿತು, ಪ್ರತಿಯೊಂದು ಕೂಡುರಸ್ತೆಯಲ್ಲಿಯೂ ಓಡಿಸುವವರು ಎಲ್ಲಿ ನೋಡುತ್ತಾರೆ ಎಂಬುದನ್ನು ಗಮನಿಸಿ. ಅನಂತರ ಭಾನುವಾರ ಬೆಳಿಗ್ಗೆ ಅಂಗಡಿಯ ಖಾಲಿ ಪಾರ್ಕಿಂಗ್ ಜಾಗದಲ್ಲಿ ಅರ್ಧ ಗಂಟೆ ತಿರುಗಿಸಿ, ಮನೆಯ ಸುತ್ತಲಿನ ನಾಲ್ಕು ಬೀದಿಗಳಲ್ಲಿ ಓಡಿಸಿ. ಹೆದ್ದಾರಿ ಆಮೇಲಿನ ಮಾತು. ಪಕ್ಕದಲ್ಲಿ ಆ ದೇಶದ ರಸ್ತೆ ಬಲ್ಲವರೊಬ್ಬರು ಇರಲಿ, ಅವರು ಕಿರಿಯರಾದರೂ ಅವರ ಮಾತು ಕೇಳಿ. ದಾರಿ ತೋರಿಸುವ ಫೋನನ್ನು ಹೊರಡುವ ಮುನ್ನವೇ ಹೊಂದಿಸಿ ಸ್ಟ್ಯಾಂಡಿಗೆ ಸಿಕ್ಕಿಸಿ. ಓಡಿಸುತ್ತ ಕೈಯಲ್ಲಿ ಹಿಡಿದರೆ ಬ್ರಿಟನ್ನಿನಲ್ಲಿ 200 ಪೌಂಡ್ ದಂಡ.

ಮರಳುವ ದಿನದ್ದೂ ಒಂದು ನಿಯಮ ನಮ್ಮ ಮನೆಯಲ್ಲಿದೆ. ಎರಡು ತಿಂಗಳು ಬಲಬದಿಯಲ್ಲಿ ಓಡಿಸಿ ಬಂದ ಮೊದಲ ಸಲ, ಮರುದಿನ ಬೆಳಿಗ್ಗೆ ಹಾಲಿಗೆಂದು ತೋಟದ ಗೇಟಿನಿಂದ ಹೊರಟವನು ಮಂಜಿನಲ್ಲಿ ಬಲಬದಿ ಹಿಡಿದು ಅರ್ಧ ಫರ್ಲಾಂಗ್ ಹೋಗಿದ್ದೆ. ಎದುರಿನ ಬಸ್ಸಿನವರು ಹೊಡೆದ ಹಾರ್ನಿನಿಂದ ಎಚ್ಚರವಾಯಿತು. ಅಂದಿನಿಂದ ಬೆಂಗಳೂರಿನ ವಿಮಾನ ನಿಲ್ದಾಣದಿಂದ ಊರಿನವರೆಗಿನ 250 ಕಿಲೋಮೀಟರಿಗೂ ಹೆಚ್ಚಿನ ದಾರಿಗೆ ಪಕ್ಕದ ಮನೆಯ ಹುಡುಗನನ್ನು ಮೊದಲೇ ಗೊತ್ತು ಮಾಡಿರುತ್ತೇವೆ, ಮತ್ತು ಊರು ತಲುಪಿ ಎರಡು ದಿನ ಕಳೆಯುವವರೆಗೆ ಜೀಪಿನ ಕೀಲಿ ಹೆಂಡತಿಯ ಬಳಿಯೇ ಇರುತ್ತದೆ.